ಫಲಪುಷ್ಪ ಪ್ರದರ್ಶನ ನೋಡಿ ಮನೆಯ ಕೈತೋಟ ರೂಪಿಸುವುದು ಹೇಗೆ?

ಪ್ರದರ್ಶನಕ್ಕೆ ಹೊರಡುವ ಮುಂಚೆ ನಿಮ್ಮ ಅಂಗಳವನ್ನು ಅಳೆದುಕೊಳ್ಳಿ. ಉದ್ದ, ಅಗಲ, ನಲ್ಲಿ ಇರುವ ಜಾಗ, ಮಳೆನೀರು ನಿಲ್ಲುವ ಮೂಲೆ, ಎಲ್ಲವೂ ಒಂದೇ ಹಾಳೆಯಲ್ಲಿರಲಿ. ಬೆಳಿಗ್ಗೆ 9, ಮಧ್ಯಾಹ್ನ 12 ಮತ್ತು 3 ಗಂಟೆಗೆ ಬಿಸಿಲು ಎಲ್ಲಿಯವರೆಗೆ ಬೀಳುತ್ತದೆಂದು ಗೆರೆ ಎಳೆಯಿರಿ. ದಿನಕ್ಕೆ ಎರಡು ಮೂರು ಗಂಟೆ ಬಿಸಿಲು ಮಾತ್ರ ಬೀಳುವ ಜಾಗವಾದರೆ ಗುಲಾಬಿ, ಚೆಂಡುಹೂವಿನ ಮುಂದೆ ನಿಂತು ಆಸೆಪಡುವುದು ಬೇಡ; ನೇರ ಎಲೆಗಿಡಗಳ ವಿಭಾಗಕ್ಕೆ ಹೋಗಿ.

ಹೂವಿನ ಪಾತಿಯ ಮುಂದೆ ಬಗ್ಗಿ, ಗಿಡಗಳ ಸಂದಿಯಲ್ಲಿ ನೋಡಿ. ಮಣ್ಣಿನ ಮಟ್ಟದಲ್ಲಿ ಕಪ್ಪು ಪ್ಲಾಸ್ಟಿಕ್ ಕುಂಡದ ಅಂಚು ಇಣುಕುತ್ತಿರುತ್ತದೆ. ಬೇರೆ ಕಡೆ ಬೆಳೆಸಿ, ಹೂ ಬಿಡುವ ಹೊತ್ತಿಗೆ ಕುಂಡ ಸಮೇತ ಒತ್ತೊತ್ತಾಗಿ ಇಳಿಸಿರುತ್ತಾರೆ. 1913ರಿಂದ ನಡೆದುಬಂದಿರುವ ಲಂಡನ್ನಿನ ಚೆಲ್ಸಿ ಪ್ರದರ್ಶನದಲ್ಲೂ ತೋಟಗಳು ಚೆನ್ನಾಗಿ ಕಾಣಬೇಕಾದದ್ದು ಒಂದು ವಾರಕ್ಕಿಂತ ಕಡಿಮೆ ಕಾಲ. ಮನೆಯಲ್ಲಿ ಅಷ್ಟೇ ಒತ್ತಾಗಿ ನೆಟ್ಟರೆ ಗಾಳಿಯಾಡದೆ ಎಲೆಗೆ ಬೂದಿ ರೋಗ ಹತ್ತುತ್ತದೆ. ಪೂರ್ತಿ ಬೆಳೆದಾಗ ಒಂದು ಗಿಡ 60 ಸೆಂ.ಮೀ., ಪಕ್ಕದ್ದು 40 ಸೆಂ.ಮೀ. ಹರಡುವುದಾದರೆ ಬುಡದಿಂದ ಬುಡಕ್ಕೆ 50 ಸೆಂ.ಮೀ. ಬಿಡಿ. ಮೊದಮೊದಲು ಪಾತಿ ಬೋಳಾಗಿ ಕಾಣುತ್ತದೆ, ಕಾಣಲಿ.

ಹೂ ಬಿಡುವ ಕಾಲವೂ ಮೋಸ ಮಾಡುತ್ತದೆ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ದೀರ್ಘವಾದಾಗ. ಬೆಳೆಗಾರರು ಸಂಜೆಯೇ ಕಪ್ಪು ಹೊದಿಕೆ ಹಾಕಿ, ಬೇಕಾದ ದಿನಕ್ಕೆ ಅದು ಅರಳುವಂತೆ ಮಾಡಬಲ್ಲರು. ಮನೆಗೆ ತಂದ ಮೇಲೆ ಅದು ತನ್ನ ಕಾಲಕ್ಕೇ ಹೂ ಬಿಡುತ್ತದೆ. ರಾತ್ರಿಯಿಡೀ ಬೀದಿದೀಪದ ಬೆಳಕು ಬಿದ್ದರೆ ಇನ್ನೂ ತಡವಾಗುತ್ತದೆ. ಹಾಗಾಗಿ ಪ್ರದರ್ಶನದಲ್ಲಿ ಜೊತೆಯಾಗಿ ಅರಳಿದ ಎರಡು ಹೂಗಳು ನಿಮ್ಮಲ್ಲಿ ಒಂದನ್ನೊಂದು ನೋಡದೆಯೂ ಇರಬಹುದು.

ಫೋಟೋ ತೆಗೆಯುವಾಗ ಮೊದಲು ಹೆಸರಿನ ಫಲಕ, ಆಮೇಲೆ ಇಡೀ ಗಿಡ, ಕೊನೆಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಪಾತಿ. ಬರೀ ಹೂವಿನ ಫೋಟೋಗಳಿದ್ದರೆ ತಿಂಗಳ ನಂತರ ಯಾವುದು ಏನೆಂದು ನಿಮಗೇ ತಿಳಿಯುವುದಿಲ್ಲ. ಗಿಡ ಮೊಣಕಾಲಿಗೆ ಬರುತ್ತದೋ ಸೊಂಟಕ್ಕೋ ಎಂಬುದನ್ನೂ ಬರೆದುಕೊಳ್ಳಿ.

ಗಿಡ ನಿಜಕ್ಕೂ ಹೇಗೆ ಬಾಳುತ್ತದೆಂದು ತಿಳಿಯಲು ಸಾರ್ವಜನಿಕ ಉದ್ಯಾನಕ್ಕೇ ಹೋಗಬೇಕು. ಒಂದೇ ಮೂಲೆಯನ್ನು ಆರಿಸಿಕೊಂಡು ವರ್ಷಕ್ಕೆ ನಾಲ್ಕು ಸಲ ನೋಡಿ. ಹೂವಿಲ್ಲದ ತಿಂಗಳಲ್ಲೂ ಆ ಮೂಲೆ ಚೆನ್ನಾಗಿ ಕಂಡರೆ ಅದನ್ನೇ ಅನುಸರಿಸಿ. ಪಾತಿ ಯಾವ ದಿಕ್ಕಿಗಿದೆ ಎಂಬುದನ್ನು ಫೋನಿನ ದಿಕ್ಸೂಚಿಯಲ್ಲಿ ನೋಡಿಕೊಳ್ಳಿ. ಅಲ್ಲಿನ ಮಾಲಿ ಸಿಕ್ಕರೆ "ಇಲ್ಲಿ ಪದೇಪದೇ ಸಾಯುವ ಗಿಡ ಯಾವುದು?" ಎಂದು ಕೇಳಿ. ಚೆನ್ನಾಗಿ ಬರುವ ಗಿಡದ ಹೆಸರಿಗಿಂತ ಆ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ನೋಡಿ ಮೆಚ್ಚಿದ ಪಾತಿಯನ್ನು ನಿಮ್ಮ ಅಂಗಳಕ್ಕೆ ತಕ್ಕಂತೆ ಚಿಕ್ಕದು ಮಾಡುವ ಕೆಲಸ. ಮೂರು ಮೀಟರ್ ಅಗಲದ ಪಾತಿಯಲ್ಲಿ ಹದಿನೈದು ಬಗೆಯ ಗಿಡಗಳಿದ್ದರೆ, ಒಂದು ಮೀಟರ್ ಪಾತಿಗೆ ಮೂರೇ ಬಗೆ ಸಾಕು: ಹಿಂದೆ ಎತ್ತರದ್ದು, ನಡುವೆ ಹೂವಿನದ್ದು, ಅಂಚಿಗೆ ಗಿಡ್ಡದ್ದು. ಪ್ರತಿಯೊಂದನ್ನೂ ಗುಂಪಾಗಿ ನೆಡಿ. ಒಂದೊಂದು ಗಿಡವನ್ನೂ ಬಿಡಿಬಿಡಿಯಾಗಿ ಸೇರಿಸಿದರೆ ನರ್ಸರಿಯ ಸಾಲಿನಂತೆ ಕಾಣುತ್ತದೆ. ಬಣ್ಣದ ಆಯ್ಕೆಯಲ್ಲಿ ಇಂಗ್ಲೆಂಡಿನ ಸಿಸ್ಸಿಂಗ್‌ಹರ್ಸ್ಟ್‌ನ ಬಿಳಿ ತೋಟ ಒಳ್ಳೆಯ ಮಾದರಿ: ಬಿಳಿ ಹೂ, ಹಸಿರು, ಬೂದು ಬೆಳ್ಳಿಬಣ್ಣದ ಎಲೆ. ಈ ಕಟ್ಟುಪಾಡು ನಾಲ್ಕು ಕುಂಡಗಳಿಗೂ ಹೊಂದುತ್ತದೆ.

ಪ್ರದರ್ಶನದಲ್ಲೇ ಗಿಡ ಕೊಳ್ಳುವುದಾದರೆ ಪೂರ್ತಿ ಅರಳಿದ್ದನ್ನು ಬಿಟ್ಟು ಮೊಗ್ಗು ಹೆಚ್ಚಿರುವುದನ್ನು ಆರಿಸಿ. ಕುಂಡದ ತಳದ ತೂತಿನಿಂದ ಬೇರು ದಟ್ಟವಾಗಿ ಹೊರಬಂದಿದ್ದರೆ ಬೇಡ. ಪಾಲಿಹೌಸ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಚಪ್ಪರದಲ್ಲಿ, ಬೆಳೆದ ಗಿಡವನ್ನು ಅಂದೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಒಂದು ವಾರ ಅರೆನೆರಳಿನಲ್ಲಿಟ್ಟು, ದಿನಕ್ಕೊಂದೆರಡು ಗಂಟೆ ಬಿಸಿಲು ಹೆಚ್ಚಿಸುತ್ತಾ ಹೋಗಿ, ಆಮೇಲೆ ನೆಡಿ.