ಡ್ರಾಯಿಂಗ್ ಟ್ಯಾಬ್ಲೆಟ್ ಕೊಳ್ಳುವ ಮೊದಲು ರಟ್ಟು ಕತ್ತರಿಸಿ ನೋಡಿದೆ

ಪುಸ್ತಕದ ಮುಖಪುಟ, ಮಕ್ಕಳ ಕಥೆಗಳಿಗೆ ಚಿತ್ರ, ಮದುವೆ ಆಮಂತ್ರಣಕ್ಕೆ ಕೈಬರಹದ ಅಕ್ಷರ. ನಾನು ಮಾಡುವ ಕೆಲಸ ಇಷ್ಟು. ಮೊದಲೆಲ್ಲ ಡ್ರಾಯಿಂಗ್ ಶೀಟಿನ ಮೇಲೆ ಇಂಕಿನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಿದ್ದೆ. ಪ್ರಕಾಶಕರು "ಆ ಹುಡುಗಿಯ ಜಡೆ ಸ್ವಲ್ಪ ಉದ್ದ ಮಾಡಿ ಮೇಡಂ" ಎಂದರೆ ಮತ್ತೆ ಶೀಟಿನಿಂದಲೇ ಶುರು. ಕಂಪ್ಯೂಟರಿನಲ್ಲೇ ನೇರವಾಗಿ ಬರೆಯೋಣ ಅಂತ ಡ್ರಾಯಿಂಗ್ ಟ್ಯಾಬ್ಲೆಟ್ ಹುಡುಕಲು ಹೊರಟಿದ್ದು ಆಗ. ಕಂಪ್ಯೂಟರಿಗೆ ಸಿಕ್ಕಿಸುವ ಹಲಗೆ ಅದು, ಅದರ ಮೇಲೆ ಅದರದೇ ಪೆನ್ನಿನಿಂದ ಬರೆದದ್ದು ಕಂಪ್ಯೂಟರಿನ ಪರದೆಯಲ್ಲಿ ಮೂಡುತ್ತದೆ.

ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಡಬ್ಬದ ಮೇಲಿನ ಅಂಕಿ. 2048, 4096, 8192, ಈಗೀಗ 16384. ಪೆನ್ನನ್ನು ನಾವು ಎಷ್ಟು ಒತ್ತಿದ್ದೇವೆ ಎಂಬುದನ್ನು ಎಷ್ಟು ಹಂತಗಳಲ್ಲಿ ಗುರುತಿಸುತ್ತದೆ ಎನ್ನುವ ಲೆಕ್ಕ ಇದು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತೆ, ಅಲ್ವಾ? ಒಮ್ಮೆ ಕೂತು ಲೆಕ್ಕ ಹಾಕಿ ನೋಡಿ. ನಾನು ಬರೆಯುವ ದಪ್ಪ ಗೆರೆ 40 ಪಿಕ್ಸೆಲ್ ಇರುತ್ತದೆ. 2048 ಹಂತಗಳಿದ್ದರೆ ಒಂದೊಂದು ಪಿಕ್ಸೆಲ್‌ಗೆ 50 ಹಂತ ಸಿಕ್ಕ ಹಾಗಾಯಿತು. ಒತ್ತಿದಂತೆ ಬಣ್ಣ ಗಾಢವಾಗುವ ಬ್ರಷ್ ತೆಗೆದುಕೊಂಡರೂ ಅಷ್ಟೇ. ಸಾಮಾನ್ಯವಾಗಿ ನಾವು ಬಳಸುವ 8 ಬಿಟ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ ಇರುವುದೇ 256 ಮಟ್ಟ. ಆದ್ದರಿಂದ ಈ ಅಂಕಿಯನ್ನು ನಾನು ಪಟ್ಟಿಯ ಕೊನೆಗೆ ತಳ್ಳಿದೆ.

ಎಲ್‌ಪಿಐ ಎಂಬ ಇನ್ನೊಂದು ಅಂಕಿ ಇದೆ. ಒಂದು ಇಂಚಿನಲ್ಲಿ ಟ್ಯಾಬ್ಲೆಟ್ ಎಷ್ಟು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ ಅಂತ ಹೇಳುವುದು ಅದು. 2540 ಇದ್ದರೆ ಒಂದು ಮಿಲಿಮೀಟರಿಗೆ 100, ಅಂದರೆ 15 ಸೆಂಟಿಮೀಟರ್ ಅಗಲಕ್ಕೆ 15,000. ಪರದೆಯ ಅಡ್ಡಕ್ಕೆ ಇರುವುದು 1920 ಪಿಕ್ಸೆಲ್. ಅದರ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿಜವಾಗಿ ನೋಡಬೇಕಾದದ್ದು ಅಳತೆ. ಟ್ಯಾಬ್ಲೆಟ್ಟಿನ ಹೊರ ಅಳತೆ ಅಲ್ಲ, ಪೆನ್ನು ಕೆಲಸ ಮಾಡುವ ಜಾಗದ ಅಳತೆ. ವ್ಯಾಕಾಮ್ ಕಂಪನಿಯ 'ಒನ್ ಬೈ ವ್ಯಾಕಾಮ್' ಸಣ್ಣದರಲ್ಲಿ ಈ ಜಾಗ 152 × 95 ಮಿ.ಮೀ., ಮಧ್ಯಮದರಲ್ಲಿ 216 × 135. ಎಕ್ಸ್‌ಪಿ-ಪೆನ್ ಕಂಪನಿಯ ಡೆಕೋ 01 ವಿ2 ಇನ್ನೂ ದೊಡ್ಡದು, 10 × 6.25 ಇಂಚು. ಹುಯಿಯಾನ್ ಕಂಪನಿಯ ಎಚ್640ಪಿ ಹೆಚ್ಚೂಕಡಿಮೆ ವ್ಯಾಕಾಮ್ ಸಣ್ಣದರಷ್ಟೇ ಇದೆ.

ನನ್ನ ಲ್ಯಾಪ್‌ಟಾಪ್ ಪರದೆ 15.6 ಇಂಚಿನದು. ಅಂದರೆ ಅಗಲ ಸುಮಾರು 345 ಮಿ.ಮೀ. ಸಣ್ಣ ಟ್ಯಾಬ್ಲೆಟ್ಟಿನ 152 ಮಿ.ಮೀ. ಈ ಪೂರ್ತಿ ಅಗಲಕ್ಕೆ ಹರಡಿಕೊಳ್ಳುತ್ತದೆ. ಕೈ ಒಂದು ಸೆಂಟಿಮೀಟರ್ ಸರಿದರೆ ಪರದೆಯ ಮೇಲಿನ ಗೆರೆ ಎರಡೂಕಾಲು ಸೆಂಟಿಮೀಟರ್ ಓಡುತ್ತದೆ. ಕೈ ನಡುಗಿದರೆ ಆ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಮಧ್ಯಮದಲ್ಲಿ ಇದೇ ಲೆಕ್ಕ ಒಂದಕ್ಕೆ 1.6, ಹತ್ತಿಂಚಿನದರಲ್ಲಿ 1.36. ಮನೆಯಲ್ಲಿ 24 ಇಂಚಿನ ಮಾನಿಟರ್ ಇದ್ದರೆ ಅದೇ ಮಧ್ಯಮ ಟ್ಯಾಬ್ಲೆಟ್ಟಿನಲ್ಲೂ ಒಂದಕ್ಕೆ ಎರಡೂವರೆ ಆಗುತ್ತದೆ. ಹಾಗಾಗಿ "ಯಾವ ಸೈಜ್ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ "ನಿಮ್ಮ ಪರದೆ ಎಷ್ಟು ದೊಡ್ಡದು?" ಅಂತ ನಾನು ತಿರುಗಿ ಕೇಳುತ್ತೇನೆ.

ಜೂಮ್ ಮಾಡಿಕೊಂಡು ಬರೆದರೆ ನಡುಕ ಕಾಣುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ. ಆದರೆ ಜೂಮ್ ಮಾಡಿದಾಗ ಉದ್ದದ ಗೆರೆ ಪರದೆಯಲ್ಲಿ ಹಿಡಿಸುವುದಿಲ್ಲ. ಸೀರೆಯ ಸೆರಗನ್ನು ಮೂರು ತುಂಡು ಮಾಡಿ ಬರೆದು ಜೋಡಿಸಬೇಕಾಗುತ್ತದೆ, ಜೋಡಿಸಿದ್ದು ಕಾಣುತ್ತದೆ. ಒಂದೇ ಎಳೆತದ ಗೆರೆಗೆ ಇರುವ ಜೀವ ಅದಕ್ಕೆ ಬರುವುದಿಲ್ಲ.

ಇಷ್ಟು ಲೆಕ್ಕ ಹಾಕಿದ ಮೇಲೂ ನನ್ನ ಕೈಗೆ ಯಾವುದು ಒಗ್ಗುತ್ತದೆ ಎಂದು ಗೊತ್ತಾಗಬೇಕಿತ್ತು. ಹಳೆಯ ನೋಟ್‌ಬುಕ್ಕಿನ ರಟ್ಟು ತೆಗೆದು ಈ ಮೂರು ಅಳತೆಗೆ ಕತ್ತರಿಸಿದೆ. ಲ್ಯಾಪ್‌ಟಾಪಿನ ಮುಂದೆ ಟೇಬಲ್ ಮೇಲೆ ಒಂದೊಂದಾಗಿ ಇಟ್ಟು, ಮೇಲೆ ಬಿಳಿ ಹಾಳೆ ಅಂಟಿಸಿ, ನಾನು ದಿನಾ ಬರೆಯುವಂಥ ಗೆರೆಗಳನ್ನೇ ಪೆನ್ಸಿಲಿನಲ್ಲಿ ಬರೆದೆ. ಕಣ್ಣು ಪರದೆಯ ಕಡೆ, ಕೈ ರಟ್ಟಿನ ಮೇಲೆ. ಸಣ್ಣ ರಟ್ಟಿನ ಮೇಲೆ ಕೈ ಮಣಿಕಟ್ಟಿನಿಂದ ಮಾತ್ರ ತಿರುಗುತ್ತಿತ್ತು. ಮುಖ, ಕಣ್ಣು, ಬೆರಳುಗಳಿಗೆ ಅದು ಸಾಕು. ಆದರೆ ಆಮಂತ್ರಣದ ಮೇಲೆ ಬರೆಯುವ 'ಶ್ರೀ' ಅಕ್ಷರದ ದೊಡ್ಡ ಸುತ್ತು ಮಣಿಕಟ್ಟಿನಿಂದ ಬರುವುದಿಲ್ಲ. ಅದಕ್ಕೆ ಮೊಣಕೈ ಚಲಿಸಬೇಕು. ಕನ್ನಡ ಅಕ್ಷರಗಳಲ್ಲಿ ನೇರ ಗೆರೆ ಕಡಿಮೆ, ಸುತ್ತು ಜಾಸ್ತಿ. ಸುತ್ತಿನ ಅರ್ಧದಲ್ಲಿ ಕೈ ಅಂಚಿಗೆ ತಾಗಿದರೆ ಅಕ್ಷರ ಕೆಟ್ಟಂತೆಯೇ. ಮಧ್ಯಮ ರಟ್ಟಿನ ಮೇಲೆ ಆ ಸುತ್ತು ಸಲೀಸಾಗಿ ಬಂತು. ಹತ್ತಿಂಚಿನದರ ಮೇಲೂ ಬಂತು, ಆದರೆ ಎಡಗೈ ಕೀಬೋರ್ಡಿನ ಮೇಲಿಟ್ಟಾಗ ಬಲಗೈ ತೀರಾ ಹೊರಕ್ಕೆ ಚಾಚಿ ಭುಜ ಎಳೆಯುತ್ತಿತ್ತು. ನನ್ನ ಟೇಬಲ್ ಚಿಕ್ಕದು. ಮಧ್ಯಮ ಅಂತ ಅಲ್ಲೇ ತೀರ್ಮಾನವಾಯಿತು.

ಪರದೆ ಇರುವ ಟ್ಯಾಬ್ಲೆಟ್ ಯಾಕೆ ಬೇಡ ಅಂದುಕೊಂಡೆ ಅಂತಲೂ ಹೇಳಬೇಕು. ಬರೆಯುವ ಜಾಗದಲ್ಲೇ ಚಿತ್ರ ಕಾಣುವುದು ದೊಡ್ಡ ಸುಖ, ಅದರಲ್ಲಿ ಅನುಮಾನವಿಲ್ಲ. ಹುಯಿಯಾನ್ ಕಾಮ್ವಾಸ್ 13 ಇಟ್ಟುಕೊಂಡಿರುವ ಗೆಳತಿಯ ಮನೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಬರೆದು ನೋಡಿದ್ದೇನೆ. ಆದರೆ ಅದು ತಾನೇ ಕಂಪ್ಯೂಟರ್ ಅಲ್ಲ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿಯೇ ಬಳಸಬೇಕು. ಎಚ್‌ಡಿಎಂಐ ಕಿಂಡಿ ಬೇಕು, ಇಲ್ಲವೇ ವಿಡಿಯೊ ಕೊಡುವ ಯುಎಸ್‌ಬಿ-ಸಿ ಬೇಕು. ಎಲ್ಲ ಯುಎಸ್‌ಬಿ-ಸಿ ಕಿಂಡಿಗಳೂ ವಿಡಿಯೊ ಕೊಡುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಿ. ಬೆಲೆಯೂ ಹಲವು ಪಟ್ಟು ಜಾಸ್ತಿ. ನನ್ನ ಮಟ್ಟಿಗೆ ಇನ್ನೂ ಎರಡು ಕಾರಣಗಳಿದ್ದವು. ಒಂದು ಕುತ್ತಿಗೆ. ಬಗ್ಗಿ ಕೂತು ಗಂಟೆಗಟ್ಟಲೆ ಬರೆದರೆ ನನಗೆ ನೋವು ಬರುತ್ತದೆ, ಪರದೆ ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ತಲೆ ನೆಟ್ಟಗಿರುತ್ತದೆ. ಇನ್ನೊಂದು ಕರೆಂಟು. ಬೇಸಿಗೆಯಲ್ಲಿ ನಮ್ಮ ಬಡಾವಣೆಯಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಪರದೆ ಇಲ್ಲದ ಟ್ಯಾಬ್ಲೆಟ್ ಲ್ಯಾಪ್‌ಟಾಪಿನ ಬ್ಯಾಟರಿಯಿಂದ ತೀರಾ ಕಡಿಮೆ ಕರೆಂಟು ಎಳೆಯುತ್ತದೆ. ಕೆಲಸ ನಿಲ್ಲುವುದಿಲ್ಲ.

ಪರದೆ ಇರುವುದೇ ಬೇಕು ಎನ್ನುವವರು 'ಫುಲ್ ಲ್ಯಾಮಿನೇಟೆಡ್' ಅಂತ ಬರೆದಿದೆಯಾ ನೋಡಿ. ಗಾಜಿಗೂ ಪರದೆಗೂ ನಡುವೆ ಗಾಳಿ ಇರದಂತೆ ಅಂಟಿಸಿರುತ್ತಾರೆ. ಹಾಗಿಲ್ಲದಿದ್ದರೆ ಪೆನ್ನಿನ ತುದಿ ಒಂದು ಕಡೆ, ಗೆರೆ ಮೂಡುವುದು ಸ್ವಲ್ಪ ಆಚೆ ಅನ್ನಿಸುತ್ತದೆ.

ಐಪ್ಯಾಡ್ ವಿಷಯ ಬೇಗ ಮುಗಿಸುತ್ತೇನೆ. ಪ್ರಯಾಣದಲ್ಲಿ ಬರೆಯುವವರಿಗೆ ಅದು ಒಳ್ಳೆಯದು. ನನ್ನ ಕನ್ನಡ ಫಾಂಟುಗಳು, ಪ್ರೆಸ್ಸಿಗೆ ಕಳಿಸುವ ಫೈಲುಗಳು ಎಲ್ಲ ಲ್ಯಾಪ್‌ಟಾಪಿನಲ್ಲಿ ಇರುವುದರಿಂದ ನಾನು ಆ ಕಡೆ ಹೋಗಲಿಲ್ಲ. ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ: 2023ರಲ್ಲಿ ಬಂದ ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್ ಒತ್ತಡವನ್ನು ಗುರುತಿಸುವುದಿಲ್ಲ. ಕಡಿಮೆ ಬೆಲೆ ಅಂತ ಅದನ್ನು ತಗೊಂಡರೆ ಗೆರೆ ದಪ್ಪ-ತೆಳು ಮಾಡಲು ಆಗುವುದಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ ಜೊತೆ ಬರುವ ಎಸ್ ಪೆನ್ ಒತ್ತಡವನ್ನು ಗುರುತಿಸುತ್ತದೆ.

ಅಳತೆಯ ನಂತರ ನಾನು ನೋಡಿದ್ದು ಪೆನ್ನು. ಬ್ಯಾಟರಿ ಇಲ್ಲದ ಪೆನ್ನೇ ಬೇಕು ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಟ್ಯಾಬ್ಲೆಟ್ಟಿನ ಮೇಲ್ಮೈ ಕೆಳಗೆ ತಂತಿಯ ಜಾಲ ಇರುತ್ತದೆ. ಅದು ಹೊರಡಿಸುವ ಕಾಂತಕ್ಷೇತ್ರದಿಂದ ಪೆನ್ನಿನೊಳಗಿನ ಸುರುಳಿಗೆ ಬೇಕಾದಷ್ಟು ಶಕ್ತಿ ಸಿಗುತ್ತದೆ. ಅದೇ ಶಕ್ತಿಯಿಂದ ಪೆನ್ನು ತಾನು ಎಲ್ಲಿದ್ದೇನೆ, ಎಷ್ಟು ಒತ್ತಿದ್ದಾರೆ ಅಂತ ತಿರುಗಿ ಸುದ್ದಿ ಕಳಿಸುತ್ತದೆ. ಚಾರ್ಜ್ ಮಾಡುವ ರಗಳೆ ಇಲ್ಲ, ಪೆನ್ನೂ ಹಗುರ.

ಪೆನ್ನಿನಲ್ಲಿ ಪರೀಕ್ಷೆ ಮಾಡಬೇಕಾದದ್ದು ಎಷ್ಟು ಮೆಲ್ಲಗೆ ಮುಟ್ಟಿದರೆ ಗೆರೆ ಶುರುವಾಗುತ್ತದೆ ಎಂಬುದು. ಕೆಲವು ಪೆನ್ನುಗಳನ್ನು ಸ್ವಲ್ಪ ಒತ್ತಿದ ಮೇಲಷ್ಟೇ ಗೆರೆ ಮೂಡುತ್ತದೆ. ಹಂತಗಳ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಆ ಮೊದಲ ಮೃದು ಸ್ಪರ್ಶ ಸಿಗದಿದ್ದರೆ ಕೂದಲಿನ ಎಳೆ, ಕಣ್ಣಿನ ರೆಪ್ಪೆ ಬರೆಯುವುದು ಕಷ್ಟ. ಗೆಳೆಯರ ಬಳಿ ಇದ್ದ ಟ್ಯಾಬ್ಲೆಟ್ಟುಗಳಲ್ಲಿ ನಾನು ಬರೆದು ನೋಡಿದ್ದು ಇದನ್ನೇ. ಕೊನೆಗೆ 2048 ಹಂತದ 'ಒನ್ ಬೈ ವ್ಯಾಕಾಮ್' ಮಧ್ಯಮ ಅಳತೆಯದನ್ನು ಕೊಂಡೆ. ಅದಕ್ಕೆ ಪಕ್ಕದ ಬಟನ್‌ಗಳಿಲ್ಲ. ಪೆನ್ನು ಎಷ್ಟು ವಾಲಿದೆ ಅಂತಲೂ ಅದಕ್ಕೆ ಗೊತ್ತಾಗುವುದಿಲ್ಲ. ಬಟನ್ ಕೆಲಸಕ್ಕೆ ಎಡಗೈ ಕೀಬೋರ್ಡಿನ ಮೇಲೆ ಇದ್ದೇ ಇರುತ್ತದೆ. ಅಕ್ಷರ ಬರೆಯುವಾಗ ಚಪ್ಪಟೆ ನಿಬ್ಬಿನ ಕೋನ ಬದಲಾಗಬಾರದು, ಅದನ್ನು ಬ್ರಷ್‌ನಲ್ಲೇ ಒಂದು ಕೋನಕ್ಕೆ ನಿಲ್ಲಿಸಿಬಿಡುತ್ತೇನೆ. ಪೆನ್ಸಿಲ್ ವಾಲಿಸಿ ಛಾಯೆ ತುಂಬುವ ಶೈಲಿ ನಿಮ್ಮದಾದರೆ ವಾಲುವಿಕೆ ಗುರುತಿಸುವುದನ್ನೇ ತಗೊಳ್ಳಿ. ಡೆಕೋ 01 ವಿ2ರಲ್ಲಿ ಅದು ಇದೆ.

ಮನೆಗೆ ಬಂದ ಮೇಲೆ ಮೊದಲು ಮಾಡಿದ್ದು 'ಠ' ಬರೆದದ್ದು. ಟ್ಯಾಬ್ಲೆಟ್ಟಿನ ಅಗಲ-ಎತ್ತರದ ಅನುಪಾತ 16:10, ಪರದೆಯದು 16:9. ಡ್ರೈವರ್ (ಟ್ಯಾಬ್ಲೆಟ್ ಜೊತೆ ಕಂಪ್ಯೂಟರಿಗೆ ಹಾಕಿಕೊಳ್ಳುವ ಸಾಫ್ಟ್‌ವೇರ್) ತಾನಾಗಿ ಪೂರ್ತಿ ಜಾಗವನ್ನು ಪೂರ್ತಿ ಪರದೆಗೆ ಹೊಂದಿಸಿರುತ್ತದೆ. ಆಗ ಕೈ ದುಂಡಗೆ ಬರೆದರೂ ಪರದೆಯಲ್ಲಿ 'ಠ' ಸುಮಾರು ಹತ್ತರಲ್ಲೊಂದು ಪಾಲು ಅಗಲವಾಗಿ ಕಾಣುತ್ತದೆ. ಡ್ರೈವರ್ ಸೆಟ್ಟಿಂಗ್ಸ್‌ನಲ್ಲಿ 'ಫೋರ್ಸ್ ಪ್ರೊಪೋರ್ಶನ್ಸ್' ಆರಿಸಿದರೆ ಇದು ಸರಿಹೋಗುತ್ತದೆ. ಎತ್ತರದಲ್ಲಿ 1.35 ಸೆಂಟಿಮೀಟರಿನಷ್ಟು ಜಾಗ ಬಿಟ್ಟುಹೋಗುತ್ತದೆ, ಹೋಗಲಿ ಬಿಡಿ. ಅಕ್ಷರ ದುಂಡಗಿರುವುದು ಮುಖ್ಯ.

ಬಳಸುವ ಸಾಫ್ಟ್‌ವೇರ್ ಕ್ರಿಟಾ. ಉಚಿತ, ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣವೂ ಅದರಲ್ಲಿದೆ. ಗೆರೆ ಒತ್ತಡಕ್ಕೆ ಸ್ಪಂದಿಸದಿದ್ದರೆ ಅದರ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್ ಅನ್ನುವ ಎರಡು ದಾರಿಗಳಿವೆ, ಒಂದು ಆಗದಿದ್ದರೆ ಇನ್ನೊಂದು. ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಬರಬೇಕು ಅಂತ ಹೊಂದಿಸುವ ಒತ್ತಡದ ವಕ್ರರೇಖೆಯೂ ಅಲ್ಲೇ ಇದೆ. ನನ್ನದು ಹಗುರ ಕೈ, ಹಾಗಾಗಿ ರೇಖೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿದ್ದೇನೆ. ಪೆನ್ನು ಊರಿದಾಗ ಒಂದು ಉಂಗುರ ಮೂಡಿ ಗೆರೆ ತಡವಾಗಿ ಶುರುವಾಗುತ್ತಿದ್ದರೆ, ವಿಂಡೋಸ್‌ನಲ್ಲಿ 'ಪ್ರೆಸ್ ಅಂಡ್ ಹೋಲ್ಡ್' ಆಯ್ಕೆಯನ್ನು ಆಫ್ ಮಾಡಿಬಿಡಿ. ಬೇರೆ ಕಂಪನಿಯ ಹಳೆ ಡ್ರೈವರ್ ಇದ್ದರೆ ಅದನ್ನು ಮೊದಲು ತೆಗೆಯಿರಿ, ಎರಡೂ ಇದ್ದರೆ ಜಗಳ ಖಂಡಿತ.

ಪಕ್ಕದ ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ, ಚೆನ್ನಾಗಿ ಚಿತ್ರ ಬರೆಯುತ್ತಾಳೆ. "ಅಕ್ಕಾ, ಕೈ ನೋಡದೆ ಹೇಗೆ ಬರೀತೀರ?" ಅಂತ ಕೇಳಿದಳು. ನಾನು ಅಭ್ಯಾಸ ಮಾಡಿದ್ದು ಎಳೆ ರಂಗೋಲಿಯಲ್ಲಿ. ಪರದೆಯ ಮೇಲೆ ಚುಕ್ಕಿಗಳ ಸಾಲು ಇಟ್ಟುಕೊಂಡು, ಬೇರೆ ಲೇಯರಿನಲ್ಲಿ (ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥ ಪದರದಲ್ಲಿ) ಒಂದೊಂದು ಚುಕ್ಕಿಯನ್ನೂ ಸುತ್ತಿ ಎಳೆ ಎಳೆಯುವುದು. ಚುಕ್ಕಿಗೆ ತಾಗದೆ ಸುತ್ತಬೇಕು, ಶುರು ಮಾಡಿದಲ್ಲಿಗೇ ಬಂದು ಸೇರಬೇಕು. ಕಣ್ಣು ಚುಕ್ಕಿಯ ಮೇಲಿದ್ದರೆ ಕೈ ತಾನಾಗಿ ದಾರಿ ಕಲಿಯುತ್ತದೆ. ಸುಮ್ನೆ ಅಡ್ಡ-ಉದ್ದ ಗೆರೆ ಎಳೆಯುವ ಅಭ್ಯಾಸಕ್ಕಿಂತ ಇದು ಬೇಗ ಫಲ ಕೊಟ್ಟಿತು. ಕೆಲವು ವಾರಗಳಲ್ಲಿ ಕೈ ನೋಡಬೇಕು ಅನ್ನಿಸುವುದೇ ನಿಂತುಹೋಯಿತು. ಅವಳಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.

ಇನ್ನು ಕೊಂಡ ದಿನವೇ ಮಾಡಬೇಕಾದ ಪರೀಕ್ಷೆಗಳು. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕೊಡಲು ಕೆಲವೇ ದಿನ ಇರುತ್ತದೆ, ಆದ್ದರಿಂದ ನಾಳೆಗೆ ಬಿಡಬೇಡಿ. ಸ್ಕೇಲ್ ಇಟ್ಟು ಮೂಲೆಯಿಂದ ಮೂಲೆಗೆ ತೀರಾ ನಿಧಾನವಾಗಿ ಓರೆ ಗೆರೆ ಎಳೆಯಿರಿ. ಗೆರೆ ಅಲೆ ಅಲೆಯಾಗಿ ಬಂದರೆ ಟ್ಯಾಬ್ಲೆಟ್ಟಿನದೇ ತಪ್ಪು, ಕೈಯದಲ್ಲ. ನಾಲ್ಕೂ ಅಂಚುಗಳ ಹತ್ತಿರ ಪೆನ್ನು ಸರಿಯಾಗಿ ಗುರುತು ಸಿಗುತ್ತದಾ ನೋಡಿ. ಕೇಬಲ್ ಸಿಕ್ಕಿಸುವ ಜಾಗವನ್ನು ಮೆಲ್ಲಗೆ ಅಲ್ಲಾಡಿಸಿ, ಸಂಪರ್ಕ ಕಡಿಯಬಾರದು. ಡಬ್ಬದಲ್ಲಿ ಬದಲಿ ನಿಬ್ಬುಗಳಿವೆಯಾ ಎಣಿಸಿ, ಆ ಪೆನ್ನಿಗೆ ಬೇರೆ ನಿಬ್ಬು ಸುಲಭವಾಗಿ ಸಿಗುತ್ತದಾ ಅಂತಲೂ ವಿಚಾರಿಸಿ. ನಿಬ್ಬು ಸವೆದು ಒಂದು ಕಡೆ ಚಪ್ಪಟೆಯಾಗಿ ಅಂಚು ಚೂಪಾದ ತಕ್ಷಣ ಬದಲಾಯಿಸಬೇಕು, ಇಲ್ಲದಿದ್ದರೆ ಆ ಅಂಚೇ ಟ್ಯಾಬ್ಲೆಟ್ಟಿನ ಮೇಲ್ಮೈಯನ್ನು ಗೀರುತ್ತದೆ.