ಕಡಿಮೆ ತೂಕದ ಕೂಸು ಮನೆಗೆ ಬಂದ ಮೇಲೆ

ಮೈಸೂರಿನ ಚೆಲುವಾಂಬ ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ಕೆಸರೆಯ ಒಂದೇ ಕೋಣೆಯ ಮನೆಗೆ ಮರಳುವ ಬಾಣಂತಿ ಮೊದಲು ನೋಡಬೇಕಾದದ್ದು ತಾಯಿ ಕಾರ್ಡಿನಲ್ಲಿರುವ ಜನನ ತೂಕವನ್ನು. ಅದು 2,500 ಗ್ರಾಂಗಿಂತ ಕಡಿಮೆಯಿದ್ದರೆ ಮುಂದಿನ ಕ್ರಮವೇ ಬೇರೆ. 37 ವಾರ ತುಂಬುವ ಮುನ್ನ ಹುಟ್ಟಿದ ಕೂಸೋ, ದಿನ ತುಂಬಿಯೂ ಬಡಕಲಾದದ್ದೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು; ದಿನ ತುಂಬದ ಕೂಸಿಗೆ ಚೀಪಿ ನುಂಗುವ ಶಕ್ತಿ ತಡವಾಗಿ ಬರುತ್ತದೆ.

ಹಾಲಿನಷ್ಟೇ ಮುಖ್ಯವಾದದ್ದು ಬೆಚ್ಚಗಿಡುವುದು. ಮೈಯಲ್ಲಿ ಕೊಬ್ಬಿಲ್ಲದ ಕೂಸು ತಣ್ಣಗಾದರೆ, ಕುಡಿದ ಹಾಲೆಲ್ಲ ಶಾಖಕ್ಕೇ ಖರ್ಚಾಗಿ ಬೆಳವಣಿಗೆಗೆ ಏನೂ ಉಳಿಯುವುದಿಲ್ಲ. ಟೋಪಿ ಮತ್ತು ಲಂಗೋಟಿ ಮಾತ್ರ ತೊಡಿಸಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ದಿನಕ್ಕೆ ಕನಿಷ್ಠ ಎಂಟು ಗಂಟೆ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಗೆ ವಿಶ್ರಾಂತಿ ಬೇಕಾದಾಗ ಅಪ್ಪನೋ ಅಜ್ಜಿಯೋ ಹಾಗೆಯೇ ಎದೆಗೆ ಕಟ್ಟಿಕೊಳ್ಳಬಹುದು. ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಕೆಲಸ ನಡೆಯುವ ಮನೆಯಲ್ಲಿ ಕೂಸನ್ನು ಆ ದೂಳಿನಿಂದ ದೂರವಿಡಬೇಕು.

ಹಾಲಿನ ವಿಷಯದಲ್ಲಿ ಆತುರವೂ ಬೇಡ, ಉದಾಸೀನವೂ ಬೇಡ. ಸಣ್ಣ ಕೂಸು ಹಸಿವಾದಾಗಲೂ ಅಳದೆ ಮಲಗಿಬಿಡುತ್ತದೆ; ಆದ್ದರಿಂದ ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು, ರಾತ್ರಿಯೂ ಬಿಡಬಾರದು. ಚೀಪಲಾರದಿದ್ದರೆ ಹಾಲು ಹಿಂಡಿ, ಕುದಿಸಿ ತೊಳೆದ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಹನಿಹನಿಯಾಗಿ ಕೊಡಬಹುದು. ನಮ್ಮ ಅಟ್ಟ ಸೇರಿರುವ ಈ ಒಳಲೆ, ತೊಳೆಯಲು ಕಷ್ಟವಾದ ಪ್ಲಾಸ್ಟಿಕ್ ಬಾಟಲಿಗಿಂತ ನೂರು ಪಾಲು ಮೇಲು. ಜೇನು, ಸಕ್ಕರೆ ನೀರು, ತೇಯ್ದ ಬಜೆ ಯಾವುದೂ ಬೇಡ. ಪುಡಿ ಹಾಲಿನ ಡಬ್ಬ ವಾರವಿಡೀ ಬರಲೆಂದು ನೀರು ಹೆಚ್ಚು ಬೆರೆಸುವ ಅಭ್ಯಾಸವಂತೂ ಹೊಟ್ಟೆ ತುಂಬಿಸಿ ಮೈಯನ್ನು ಉಪವಾಸ ಕೆಡವುತ್ತದೆ. ಕಬ್ಬಿಣ ಮತ್ತು ವಿಟಮಿನ್ ಡಿ ಹನಿಗಳು ವೈದ್ಯರು ಹೇಳಿದ ಪ್ರಮಾಣದಲ್ಲೇ ಇರಲಿ.

ಮೊದಲ ದಿನಗಳಲ್ಲಿ ತೂಕ ಕೊಂಚ ಇಳಿಯುವುದು ಸಹಜ; ಸುಮಾರು ಎರಡು ವಾರಕ್ಕೆ ಹುಟ್ಟಿದಾಗಿನ ತೂಕಕ್ಕೆ ಮರಳಿ, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದಾಗ ಬಟ್ಟೆ ಬಿಚ್ಚಿ ತೂಗಿಸಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ. ಹಾಲು ಬಿಟ್ಟರೆ, ಅಂಗಾಲು ತಣ್ಣಗಾದರೆ ಅಥವಾ ಹಳದಿಗಟ್ಟಿದರೆ, ಉಸಿರು ನಿಮಿಷಕ್ಕೆ 60 ದಾಟಿದರೆ ನಾಳೆಯವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ರಾಗಿ ಸರಿ ಬರಲಿ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಬೆಂದಾಗ ಹೆಚ್ಚು ಗಟ್ಟಿಯಾಗುವುದಿಲ್ಲವಾದ್ದರಿಂದ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೇಲೊಂದು ಚಮಚ ತುಪ್ಪ, ಮಸೆದ ಬೇಳೆ, ಮುಂದೆ ಮೊಟ್ಟೆ.

ಆದರೆ ಗುಂಡುಗುಂಡಾಗಲೆಂದು ಸಕ್ಕರೆ, ಬಿಸ್ಕತ್ತು ತುರುಕುವುದು ಸಲ್ಲದು. ನಮ್ಮೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಕಾದಿಟ್ಟಿದ್ದ ಜನನ ದಾಖಲೆಗಳನ್ನು ಹಿಡಿದು ಸಂಶೋಧಕರು ಆ ಮಕ್ಕಳನ್ನು ಅವರ ನಡುವಯಸ್ಸಿನಲ್ಲಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಹಾಗಾಗಿ ಅಂಗನವಾಡಿಯಲ್ಲಿ ತೂಕದ ಜೊತೆಗೆ ಉದ್ದವನ್ನೂ ಅಳೆಸಿ, ಬೆಳವಣಿಗೆ ಪಟ್ಟಿಯಲ್ಲಿ ಎರಡರ ಗೆರೆಗಳೂ ಒಟ್ಟಿಗೆ ಏರುತ್ತಿವೆಯೇ ಎಂದು ಪ್ರತಿ ತಿಂಗಳೂ ಕೇಳಿ.