ಫೈಟರ್‌ಗೆ ಮಂತ್ರ ಕಲಿಸುವ ಮುನ್ನ: ಎರಡನೇ ಕ್ಲಾಸ್ ಸೇರಿಸುವುದು ಹೇಗೆ?

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆಯುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಕಥೆಯಾಟಕ್ಕೆ ನಾನೇ ಡಿಎಂ, ಅಂದರೆ ಕಥೆ ನಡೆಸಿ ನಿಯಮ ನೋಡಿಕೊಳ್ಳುವವನು. ಪಾತ್ರದ ವೃತ್ತಿಯೇ ಕ್ಲಾಸ್ (ಫೈಟರ್, ಪ್ಯಾಲಡಿನ್ ಕಾದಾಡುವವರು; ವಿಜರ್ಡ್, ಸಾರ್ಸರರ್ ಮಂತ್ರ ಹಾಕುವವರು), ಅನುಭವ ಬಂದ ಹಾಗೆ ಏರುವ ಮೆಟ್ಟಿಲೇ ಲೆವೆಲ್. ಯಾರಾದರೂ ‘ಈ ಲೆವೆಲ್ಲಿಗೆ ಇನ್ನೊಂದು ಕ್ಲಾಸ್ ತಗೊಳ್ತೀನಿ’ ಅಂದರೆ ಸಾಕು, ಅರ್ಧ ಗಂಟೆ ಆಟ ನಿಂತಿತು ಅಂತಲೇ ಲೆಕ್ಕ. ಅವರ ಪಾತ್ರದ ವಿವರ ಬರೆದ ಶೀಟ್ ನೋಡಿದರೆ ‘ಲೆವೆಲ್ 8’ ಅಂತ ಒಂದೇ ಅಂಕಿ ಇರುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿ. ‘ಪ್ಯಾಲಡಿನ್ 5, ಸಾರ್ಸರರ್ 3, ಒಟ್ಟು 8’ ಅಂತ ಮೂರು ಅಂಕಿ ಬರೆಯಬೇಕು. ಪೆನ್ಸಿಲ್‌ನಲ್ಲಿ.

ಮೊದಲ ಕೆಲಸ, ಮೇಜಿನ ಮೇಲಿರುವ ಪುಸ್ತಕ ಯಾವ ಆವೃತ್ತಿಯದು ನೋಡುವುದು. ನಗಬೇಡಿ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಎಲ್ಲ ಕಾಲದ ನಿಯಮಗಳೂ ಕಲಸುಮೇಲೋಗರ ಆಗಿವೆ. 1978ರ ಅಡ್ವಾನ್ಸ್‌ಡ್ ಆವೃತ್ತಿಯ ಆಟಗಾರರ ಪುಸ್ತಕದಲ್ಲಿ ಎಲ್ಫ್, ಡ್ವಾರ್ಫ್‌ಗಳಂಥವರು ಶುರುವಿನಿಂದಲೇ ಎರಡು ಕ್ಲಾಸ್ ಇಟ್ಟುಕೊಳ್ಳಬಹುದಿತ್ತು. ಬಂದ ಅನುಭವದ ಅಂಕ ಎರಡಕ್ಕೂ ಸಮವಾಗಿ ಹಂಚಿಹೋಗುತ್ತಿತ್ತು. ಮನುಷ್ಯರಿಗೆ ಆ ಭಾಗ್ಯ ಇರಲಿಲ್ಲ. ಅವರು ಹಳೇ ಕ್ಲಾಸನ್ನು ಪೂರ್ತಿ ಬಿಟ್ಟು ಹೊಸದಕ್ಕೆ ಹೋಗಬೇಕು. ಅದಕ್ಕೂ ಹಳೇ ಕ್ಲಾಸಿನ ಮುಖ್ಯ ಗುಣದಲ್ಲಿ (ಬಲ, ಬುದ್ಧಿಯಂಥದ್ದು) 15, ಹೊಸದರಲ್ಲಿ 17 ಬೇಕು. ಹೊಸ ಲೆವೆಲ್ ಹಳೆಯದನ್ನು ದಾಟುವ ಮುಂಚೆ ಹಳೇ ವಿದ್ಯೆ ತೋರಿಸಿದರೆ ಅನುಭವದ ಅಂಕಕ್ಕೆ ಕತ್ತರಿ. 2000ದ ಮೂರನೇ ಆವೃತ್ತಿ ಬಾಗಿಲು ತೆರೆಯಿತು: ಲೆವೆಲ್ ಏರಿದಾಗಲೆಲ್ಲ ಯಾವ ಕ್ಲಾಸಾದರೂ ತಗೊಳ್ಳಿ ಅಂದಿತು. ಆದರೆ ಕ್ಲಾಸ್‌ಗಳ ನಡುವೆ ಒಂದು ಲೆವೆಲ್‌ಗಿಂತ ಜಾಸ್ತಿ ಅಂತರ ಬಂದರೆ ಸಾಮಾನ್ಯವಾಗಿ ಅನುಭವದ ಅಂಕದಲ್ಲಿ ಶೇ 20 ದಂಡ. 2008ರ ನಾಲ್ಕನೆಯದು ಬಾಗಿಲನ್ನು ಅರ್ಧ ಮುಚ್ಚಿತು. ಫೀಟ್ ಅನ್ನುವ ವಿಶೇಷ ಸಾಮರ್ಥ್ಯದ ಆಯ್ಕೆ ಕೊಟ್ಟು ಇನ್ನೊಂದು ಕ್ಲಾಸಿನ ರುಚಿ ನೋಡಬಹುದಿತ್ತು, ಅಷ್ಟೆ. 2014ರ ಐದನೆಯದರಲ್ಲಿ ಮತ್ತೆ ಲೆವೆಲ್ ಲೆವೆಲ್ಲಾಗಿ ಸೇರಿಸಬಹುದು, ಡಿಎಂ ಒಪ್ಪಿದರೆ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಐದನೆಯದಕ್ಕೆ.

ಎರಡನೆಯದು, 13ರ ಪರೀಕ್ಷೆ. ಹೊಸ ಕ್ಲಾಸ್ ಕೇಳುವ ಗುಣದಲ್ಲಿ 13 ಇದೆಯಾ? ಈಗಿರುವ ಕ್ಲಾಸಿನದರಲ್ಲೂ ಇರಬೇಕು. ಇದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ.

ಮೂರನೆಯದು, ಸಮಯ. ನನ್ನ ಮಾತು ಕೇಳಿ, ಮೊದಲ ಕ್ಲಾಸಿನಲ್ಲಿ 5 ಮುಟ್ಟುವವರೆಗೆ ಅಲ್ಲಾಡಬೇಡಿ. ಫೈಟರ್, ಪ್ಯಾಲಡಿನ್‌ಗಳಿಗೆ ಒಂದೇ ಸರದಿಯಲ್ಲಿ ಎರಡನೇ ಏಟು ಬರುವುದು ಅಲ್ಲಿ. ವಿಜರ್ಡ್‌ಗೆ ಫೈರ್‌ಬಾಲ್ ಅನ್ನುವ ಬೆಂಕಿಯುಂಡೆ ಮಂತ್ರ ಸಿಗುವುದೂ ಅಲ್ಲೇ. ಗುಣದ ಅಂಕ ಏರಿಸುವ ಅವಕಾಶ ಬರುವುದು ಕ್ಲಾಸ್ ಲೆವೆಲ್ 4ಕ್ಕೆ, ಒಟ್ಟು ಲೆವೆಲ್‌ಗಲ್ಲ. ಹಾಗಾಗಿ ಫೈಟರ್ 3, ವಿಜರ್ಡ್ 3 ಆದವರಿಗೆ ಆರನೇ ಲೆವೆಲ್‌ನಲ್ಲೂ ಇದ್ಯಾವುದೂ ಇಲ್ಲ. ಪಕ್ಕದವರು ಎರಡೆರಡು ಏಟು ಹೊಡೆಯುವಾಗ ಇವರು ಒಂದು ಹೊಡೆದು ಸುಮ್ನೆ ಕೂರಬೇಕು. ‘20ನೇ ಲೆವೆಲ್‌ನಲ್ಲಿ ಭಯಂಕರ ಪಾತ್ರ’ ಅಂತ ವಿಡಿಯೋ ಮಾಡುವವರು ಈ ಮಧ್ಯದ ಬಡತನದ ಬಗ್ಗೆ ಬಾಯಿ ಬಿಡುವುದಿಲ್ಲ. ನಮ್ಮ ಆಟ ಇಷ್ಟು ವರ್ಷದಲ್ಲಿ ಒಮ್ಮೆಯೂ 12 ದಾಟಿಲ್ಲ.

ಈಗ ಎಲ್ಲರೂ ಮುಗ್ಗರಿಸುವ ಜಾಗ: ಸ್ಪೆಲ್ ಸ್ಲಾಟ್, ಅಂದರೆ ಯಾವ ಮಟ್ಟದ ಮಂತ್ರ ಎಷ್ಟು ಸಲ ಹಾಕಬಹುದು ಅನ್ನುವ ಖಾನೆ. ಮೇಲಿನ ಪ್ಯಾಲಡಿನ್ 5, ಸಾರ್ಸರರ್ 3ನ್ನೇ ತಗೊಳ್ಳಿ. ಸಾರ್ಸರರ್, ವಿಜರ್ಡ್, ಕ್ಲೆರಿಕ್, ಡ್ರೂಯಿಡ್, ಬಾರ್ಡ್ ಆಗಿದ್ದರೆ ಲೆವೆಲ್ ಪೂರ್ತಿ ಎಣಿಸಬೇಕು. ಪ್ಯಾಲಡಿನ್, ರೇಂಜರ್‌ಗೆ ಅರ್ಧ. 5ರ ಅರ್ಧ ಎರಡೂವರೆ. 2014ರ ಪುಸ್ತಕದಲ್ಲಿ ಆ ಅರ್ಧ ಬಿಟ್ಟುಬಿಡಬೇಕು: 2ಕ್ಕೆ 3 ಸೇರಿ 5. ಇದೇ ಐದನೆಯದರ 2024ರ ಪರಿಷ್ಕೃತ ಪುಸ್ತಕದಲ್ಲಿ ಮೇಲಕ್ಕೆ ಏರಿಸಬೇಕು: 3ಕ್ಕೆ 3 ಸೇರಿ 6. ಆ ಸಂಖ್ಯೆ ಹಿಡಿದು ಮಲ್ಟಿಕ್ಲಾಸ್ ಕೋಷ್ಟಕದ ಸಾಲು ನೋಡಿ. 5 ಬಂದರೆ ಮೊದಲ ಮಟ್ಟದ ಸ್ಲಾಟ್ 4, ಎರಡನೆಯದು 3, ಮೂರನೆಯದು 2. 6 ಬಂದರೆ ಮೂರನೆಯದೂ 3.

ಇಷ್ಟಾದ ಕೂಡಲೇ ಪ್ರಶ್ನೆ ಬರುತ್ತದೆ: ‘ಅಣ್ಣ, ಮೂರನೇ ಮಟ್ಟದ ಸ್ಲಾಟ್ ಇದೆ ಅಂದ್ಮೇಲೆ ಫೈರ್‌ಬಾಲ್ ಕಲೀಬಹುದಲ್ವಾ?’ ಇಲ್ಲಪ್ಪ. ಯಾವ ಮಂತ್ರ ಕಲಿಯಬಹುದು ಅನ್ನುವುದನ್ನು ಒಂದೊಂದು ಕ್ಲಾಸನ್ನೂ ಬೇರೆ ಬೇರೆ ಇಟ್ಟು ನೋಡಬೇಕು, ಇನ್ನೊಂದು ಇಲ್ಲವೇ ಇಲ್ಲ ಅನ್ನುವ ಹಾಗೆ. ಸಾರ್ಸರರ್ 3ಕ್ಕೆ ಎರಡನೇ ಮಟ್ಟದವರೆಗೆ ಮಾತ್ರ. ಪ್ಯಾಲಡಿನ್ 5ಕ್ಕೂ ಅಷ್ಟೇ. ಪಾತ್ರೆ ದೊಡ್ಡದು, ಅಡುಗೆ ಅಷ್ಟೇ. ಹಾಗಂತ ಆ ದೊಡ್ಡ ಸ್ಲಾಟ್ ದಂಡ ಅಲ್ಲ. ಚಿಕ್ಕ ಮಂತ್ರವನ್ನೇ ಅದರಲ್ಲಿ ಜೋರಾಗಿ ಹಾಕಬಹುದು, ಇಲ್ಲವೇ ಪ್ಯಾಲಡಿನ್‌ನ ಏಟಿಗೆ ಬಲ ಕೂಡಿಸುವ ಸ್ಮೈಟ್‌ಗೆ ಸುರಿಯಬಹುದು. ಮೊದಲ ಮಟ್ಟದ ಸ್ಲಾಟ್‌ಗೆ ಎಂಟು ಮುಖದ ದಾಳ ಎರಡು ಸಿಕ್ಕರೆ ಮೂರನೆಯದಕ್ಕೆ ನಾಲ್ಕು.

ವಾರ್ಲಾಕ್ ಅನ್ನುವ ಇನ್ನೊಂದು ಮಂತ್ರದ ಕ್ಲಾಸ್ ಬಂದರೆ ಈ ಕೂಡುವ ಲೆಕ್ಕಕ್ಕೆ ಅವನನ್ನು ಸೇರಿಸಲೇಬೇಡಿ. ಅವನ ಸ್ಲಾಟ್ ಬೇರೆ, ಚಿಕ್ಕ ವಿಶ್ರಾಂತಿಗೇ ತುಂಬಿಕೊಳ್ಳುತ್ತದೆ. ಶೀಟ್‌ನಲ್ಲಿ ಬೇರೆ ಮೂಲೆಯಲ್ಲಿ ಬರೆದಿಡಿ.

ಮೊಬೈಲ್ ಆ್ಯಪ್ ಇದನ್ನೆಲ್ಲ ಕ್ಷಣದಲ್ಲಿ ತುಂಬಿಸಿಕೊಡುತ್ತದೆ, ನಿಜ. ಆದರೆ ಯಾಕೆ ಅಂತ ಹೇಳುವುದಿಲ್ಲ. ನಮ್ಮ ಹುಡುಗನೊಬ್ಬ 2024ರ ನಿಯಮದ ಆ್ಯಪ್ ಇಟ್ಟುಕೊಂಡು 2014ರ ಮೇಜಿಗೆ ಬಂದು, ಮೂರು ವಾರ ಒಂದು ಸ್ಲಾಟ್ ಜಾಸ್ತಿ ಉರಿಸಿದ. ಮೊದಲ ಸಲ ಕೈಯಲ್ಲೇ ಲೆಕ್ಕ ಮಾಡಿ.

ಉಳಿದದ್ದು ಸಲೀಸು. ಪ್ರೊಫಿಶಿಯೆನ್ಸಿ ಬೋನಸ್ಸೂ (ಪಳಗಿದ ಕೆಲಸದಲ್ಲಿ ದಾಳಕ್ಕೆ ಸೇರುವ ಅಂಕ) ಸ್ಲಾಟ್ ಬೇಡದ ಚಿಕ್ಕ ಮಂತ್ರವಾದ ಕ್ಯಾಂಟ್ರಿಪ್‌ನ ಬಲವೂ ಒಟ್ಟು ಲೆವೆಲ್ ನೋಡಿ ಏರುತ್ತವೆ. ಎರಡನೇ ಏಟು ಎರಡು ಕ್ಲಾಸಿನಿಂದ ಬಂದರೂ ಮೂರಾಗುವುದಿಲ್ಲ. ಫೈಟರ್ ಸೇರಿಸಿಕೊಂಡ ವಿಜರ್ಡ್‌ಗೆ ಭಾರದ ಕವಚ ತೊಡುವ ವಿದ್ಯೆ ಬರುವುದಿಲ್ಲ, ಮಧ್ಯಮದವರೆಗೆ ಮಾತ್ರ. ಪಾತ್ರದ ಜೀವದ ಅಂಕವಾದ ಹಿಟ್ ಪಾಯಿಂಟ್‌ಗೆ ಹೊಸ ಕ್ಲಾಸಿನ ದಾಳ: ಫೈಟರ್‌ಗೆ ಹತ್ತು ಮುಖದ್ದು, ವಿಜರ್ಡ್‌ಗೆ ಆರು. ನಾನಂತೂ ಉರುಳಿಸಲು ಬಿಡುವುದಿಲ್ಲ, ಪುಸ್ತಕದ ಸರಾಸರಿ 6, 4 ಬರೆದುಕೊಳ್ಳಿ ಅನ್ನುತ್ತೇನೆ. ಉರುಳಿಸಲೇಬೇಕು ಅಂದರೆ 6ರ ಕೆಳಗೂ 9ರ ಕೆಳಗೂ ಗೆರೆ ಇಲ್ಲದ ಅಗ್ಗದ ದಾಳ ಮಾತ್ರ ತರಬೇಡಿ. ನಮ್ಮ ಮೇಜಿನಲ್ಲಿ ಆ ದಾಳಕ್ಕೆ ಯಾವತ್ತೂ 9 ಮಾತ್ರ ಬಿದ್ದಿದೆ.